ಉಪವಾಸ ಹಿಡಿದ ಅಕ್ಷರಗಳು

ಫೆಬ್ರವರಿ 14, ಶನಿವಾರ

ಈ ದಿನವನ್ನು ಮಣ್ಣಗುಡ್ಡದ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡತಕ್ಕದ್ದು. ಸುವರ್ಣ ದುಬಾರಿಯಾದ ಕಾರಣ ನೀಲಿ ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇತಿಹಾಸಕಾರರು ಕ್ಷಮಿಸಬೇಕು.

ಮಸ್ಕತ್ತಿನಿಂದ ಇ-ರೀಡರ್ ದಯಮಾಡಿಸಿತು. ಕಳಿಸಿದ್ದು ಅಮ್ಮ, ಹೊತ್ತು ತಂದದ್ದು ರಜೆಗೆ ಬಂದ ಇರ್ವಿನ್ ಅಂಕಲ್. ಖರ್ಜೂರ, ಹಾಲಿನ ಪುಡಿ ಮತ್ತು ಬೆನ್ನುನೋವಿನ ಮುಲಾಮುಗಳ ನಡುವೆ ಅಂಕಲರ ಬನಿಯನ್ನಿನಲ್ಲಿ ಸುತ್ತಿಕೊಂಡು ಬಂದ ಆ ಮಹಾನುಭಾವನನ್ನು ನಾನು ಎರಡು ಕೈಗಳಿಂದ ಎತ್ತಿ ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ಎರಡು ಸಲ ನನ್ನನ್ನು ಫೇಲ್ ಮಾಡಿದ ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕಶಾಸ್ತ್ರದ ಪೇಪರಿಗೆ ಓದಲಿ ಎಂಬುದು ಅಮ್ಮನ ಸದುದ್ದೇಶ. ಕಾಸ್ಟಿಂಗ್ ಪುಸ್ತಕವನ್ನು ತುಂಬಿಸಿಯೇ ಕಳಿಸಿದ್ದಾರೆ. ಗೌರವದಿಂದ ನಾನು ಅದನ್ನು ತೆರೆಯಲಿಲ್ಲ. ಒಂದಷ್ಟು ಪತ್ತೇದಾರಿ ಕಾದಂಬರಿಗಳನ್ನು ಅದರ ಪಕ್ಕದಲ್ಲಿ ಕೂರಿಸಿದೆ, ಬೇಸರವಾಗದಿರಲಿ ಎಂದು.

“ಇದೆಂತ, ಸ್ಲೇಟಾ?” ಎಂದರು ಎವ್ಲಿನ್ ಮಾವ್ಶಿ, ಬೆರಳಿನಿಂದ ಸವರಿ.

“ಪುಸ್ತಕ, ಮಾವ್ಶಿ. ಸಾವಿರ ಪುಸ್ತಕ ಹಿಡೀತದೆ.”

“ನಿನ್ನ ತಲೆಯಲ್ಲಿ ಒಂದು ಹಿಡೀಲಿಲ್ಲ, ಇದರಲ್ಲಿ ಸಾವಿರವಾ?”

ಮಾವ್ಶಿ ಎಂದರೆ ಅಮ್ಮನ ಅಕ್ಕ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತರಾದವರು. ಅಪ್ಪ ಅಮ್ಮ ಮಸ್ಕತ್ತಿಗೆ ಹೋದಂದಿನಿಂದ ನಾನು ಇವರ ಸುಪರ್ದಿಯಲ್ಲಿದ್ದೇನೆ. ಬೈಗುಳ ಕೊಂಕಣಿಯಲ್ಲಿ, ಉಪದೇಶ ಕನ್ನಡದಲ್ಲಿ ಎಂಬುದು ಮನೆಯ ಸಂವಿಧಾನ. ಅವರ ಎರಡು ಕಣ್ಣುಗಳಲ್ಲೂ ಪೊರೆ ಬಂದು ವರ್ಷಗಳಾದವು. ಆಪರೇಷನ್ನಿಗೆ ಡಾಕ್ಟರು ಮೂರು ಸಲ ದಿನ ಕೊಟ್ಟರು. ಒಮ್ಮೆ ಯಾರದೋ ಮದುವೆ, ಇನ್ನೊಮ್ಮೆ ನಮ್ಮ ಬೆಕ್ಕಿನ ಬಾಣಂತನ, ಮೂರನೆಯ ಸಲ ಅಮಾವಾಸ್ಯೆ. ಕ್ರೈಸ್ತರಿಗೆ ಅಮಾವಾಸ್ಯೆ ಯಾವಾಗಿನಿಂದ ಎಂದು ಡಾಕ್ಟರು ಕೇಳಲಿಲ್ಲ. ಸಭ್ಯರು.

ಫೆಬ್ರವರಿ 15, ಭಾನುವಾರ

ಕದ್ರಿ ಪಾರ್ಕಿನಲ್ಲಿ ತ್ರಿರಾಷ್ಟ್ರ ಶೃಂಗಸಭೆ. ಮೊದಲನೆಯದಾಗಿ ಉಳ್ಳಾಲದ ಮುಖೇಶ್, ಅವನ ಅಪ್ಪ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಗೆಂದು ಕೊಂಡು ಅವನು ಕ್ರಿಕೆಟ್ ನೋಡಲು ಬಳಸುವ ಹಲಗೆಯಷ್ಟು ದೊಡ್ಡ ಟ್ಯಾಬ್ಲೆಟ್ ಸಮೇತ. ಎರಡನೆಯದಾಗಿ ಯಶ್ಮಿತಾ, ಲಾ ಕಾಲೇಜಿನ ಕೊನೆಯ ವರ್ಷ, ಮೂಲೆ ಒಡೆದು ಸೆಲೋಟೇಪ್ ಹಚ್ಚಿಕೊಂಡ ಸೆಕೆಂಡ್‌ಹ್ಯಾಂಡ್ ಇ-ರೀಡರ್ ಸಮೇತ. ಅದರಲ್ಲಿ ಪುಟ ತಿರುಗಿಸಲು ಬದಿಯಲ್ಲಿ ಗುಂಡಿಗಳಿವೆ. ಮೂರನೆಯದಾಗಿ ಅನ್ಸನ್ ಎಂಬ ನಾನು, ಬನಿಯನ್ನಿನ ವಾಸನೆ ಇನ್ನೂ ಹೋಗದ ಹೊಸ ಸಾಧನದೊಂದಿಗೆ.

ಮೊದಲ ಸುತ್ತು ಬಿಸಿಲು. ನಮ್ಮಿಬ್ಬರ ಪರದೆಗಳು ಅಚ್ಚಾದ ಕಾಗದದ ಹಾಗೆ ನಿಂತವು. ಮುಖೇಶನ ಟ್ಯಾಬ್ಲೆಟ್ ಕನ್ನಡಿಯಾಯಿತು. ಅವನು ಸೋಲೊಪ್ಪದೆ ಅದರಲ್ಲೇ ತಲೆ ಬಾಚಿಕೊಂಡ.

“ನಿಮ್ಮದರಲ್ಲಿ ಬಣ್ಣ ಉಂಟಾ? ವಿಡಿಯೋ ಉಂಟಾ? ಎಂತ ಉಂಟು ಮಾರಾಯ, ಸತ್ತವರ ಬೊಜ್ಜದ ಕಾರ್ಡಿನ ಹಾಗೆ ಕಪ್ಪು ಬಿಳಿ!”

“ಆಕ್ಷೇಪಣೆ,” ಎಂದಳು ಯಶ್ಮಿತಾ. “ಪ್ರತಿವಾದಿ ಜೀವಮಾನದಲ್ಲಿ ಒಂದಾದ್ರೂ ಪುಸ್ತಕ ಓದಿದ್ದಾರಾ?”

“ಎಂಟನೇ ಕ್ಲಾಸಲ್ಲಿ ಓದಿದ್ದೇನೆ.”

“ಪೂರ್ತಿ?”

“ಗೈಡು.”

ಎರಡನೆಯ ಸುತ್ತು ಚುರುಮುರಿ. ಒಂದು ಕೈಯಲ್ಲಿ ಪೊಟ್ಟಣ ಹಿಡಿದು ಇನ್ನೊಂದು ಕೈಯಲ್ಲಿ ಓದಬೇಕು. ಯಶ್ಮಿತಾ ಗುಂಡಿ ಒತ್ತುತ್ತಾ ರಾಣಿಯ ಹಾಗೆ ಓದಿದಳು. ನನ್ನದಕ್ಕೆ ಬೆರಳು ತಾಗಿದರೆ ಸಾಕು ಪುಟ ಹಾರುತ್ತದೆ. ಒಂದು ಹನಿ ಲಿಂಬೆರಸ ಬಿದ್ದದ್ದೇ ಪುಟಗಳು ಹಾರಿ ಹಾರಿ, ಸಾಧನ ಕೊಲೆಗಾರ ಸಿಕ್ಕಿಬೀಳುವ ಪುಟದಲ್ಲಿ ಹೋಗಿ ನಿಂತಿತು. ಸಭೆಯ ಕೊನೆಗೆ ಮೂವರೂ ತಾವೇ ಗೆದ್ದುದಾಗಿ ಪ್ರತ್ಯೇಕ ಪ್ರತ್ಯೇಕವಾಗಿ ಘೋಷಿಸಿದೆವು.

ಮನೆಗೆ ಬಂದು, ಕೊಲೆಗಾರ ಯಾರೆಂದು ಗೊತ್ತಿದ್ದರೂ ಇಡೀ ಕಾದಂಬರಿ ಓದಿ ಮುಗಿಸಿದೆ. ಯಾರಿಗೂ ಹೇಳತಕ್ಕದ್ದಲ್ಲ.

ಫೆಬ್ರವರಿ 18, ಬೂದಿ ಬುಧವಾರ

ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಾಕಿಸಿಕೊಂಡು ಬಂದೆವು. ಇಂದಿನಿಂದ ಈಸ್ಟರಿನ ತನಕ ತಪಸ್ಸಿನ ಕಾಲ, ಪ್ರತಿಯೊಬ್ಬರೂ ಏನಾದರೂ ತ್ಯಾಗ ಮಾಡಬೇಕು. ಮಾವ್ಶಿ ಮೀನು ಬಿಟ್ಟರು. ನಾನು ಕಾಸ್ಟಿಂಗ್ ಬಿಟ್ಟೆ.

ಒಂದು ವರ್ಷದಿಂದ ಮಾವ್ಶಿಗೆ ಪೇಪರ್ ಓದಿ ಹೇಳುವುದು ನಾನು. ಸುದ್ದಿ ಸಪ್ಪೆಯೆನಿಸಿದ ದಿನ ಸ್ವಲ್ಪ ಒಗ್ಗರಣೆ ಹಾಕುವುದುಂಟು. ಕಳೆದ ವಾರ ನೇತ್ರಾವತಿಯಲ್ಲಿ ತಿಮಿಂಗಿಲ ಕಾಣಿಸಿಕೊಂಡದ್ದು ನನ್ನ ವರದಿ. ಇಂದು ಹಾಗೇ ತಮಾಷೆಗೆ ಇ-ರೀಡರಿನಲ್ಲಿ ಅಕ್ಷರದ ಗಾತ್ರವನ್ನು ತುತ್ತತುದಿಗೆ ಏರಿಸಿ, ಒಂದು ಪುಟಕ್ಕೆ ಆರೇಳು ಪದ ಮಾತ್ರ ಹಿಡಿಯುವಂತೆ ಮಾಡಿ, “ಇದು ಆನೆಗಳಿಗೆ ಓದ್ಲಿಕ್ಕೆ ಮಾಡಿದ್ದು ಮಾವ್ಶಿ,” ಎಂದು ಕೈಗಿತ್ತೆ.

ಅವರು ಅದನ್ನು ಕಿಟಕಿಯ ಕಡೆಗೆ ತಿರುಗಿಸಿದರು. “ಆ... ದಿನ... ಮಳೆ... ನಿಂತ... ಮೇಲೆ...” ಎಂದು ಒಂದನೇ ಕ್ಲಾಸಿನ ಮಗುವಿನ ಹಾಗೆ ಓದಿದರು. ಪುಟ ತಿರುಗಿಸಲು ಕಲಿಸಿದೆ. ತಿರುಗಿಸಿದರು, ಓದಿದರು, ಮತ್ತೆ ತಿರುಗಿಸಿದರು. ಚಹಾ ತಣ್ಣಗಾಯಿತು. ನನಗೆ ಆನೆಯ ಬಗ್ಗೆ ಇನ್ನೊಂದು ಒಳ್ಳೆಯ ಜೋಕು ಹೇಳಲಿಕ್ಕಿತ್ತು. ಅದನ್ನು ಬಿಟ್ಟು ಚಹಾ ಬಿಸಿ ಮಾಡಲು ಎದ್ದೆ.

ಊಟಕ್ಕೆ ಕುಳಿತಾಗ ಮಾವ್ಶಿ ಬಾಂಬು ಹಾಕಿದರು. “ಇದರಲ್ಲಿ ಎಲ್ಲ ಕಾಣ್ತದಲ್ಲ. ಇನ್ನು ಆಪರೇಷನ್ ಎಂತಕ್ಕೆ?”

ಫೆಬ್ರವರಿ 22, ಭಾನುವಾರ

ನನ್ನ ರಾಜ್ಯ ವಶವಾಯಿತು. ಸಾಧನ ಈಗ ಮಾವ್ಶಿಯ ದಿಂಬಿನ ಪಕ್ಕ ಜಪಸರದ ಜೊತೆ ಮಲಗುತ್ತದೆ. ಪತ್ತೇದಾರಿಯಲ್ಲಿ ಅವರು ನನಗಿಂತ ಎರಡು ಹೆಣ ಮುಂದೆ ಇದ್ದಾರೆ.

ಅಮ್ಮನ ಫೋನ್ ಬಂತು. “ನಾನು ಅದನ್ನು ಕಳಿಸಿದ್ದು ನೀನು ಓದ್ಲಿಕ್ಕೆ, ಅವಳು ಆಪರೇಷನ್ ತಪ್ಪಿಸ್ಲಿಕ್ಕೆ ಅಲ್ಲ. ಮೆಟ್ಟಿಲು ಕಾಣದೆ ಬಿದ್ದು ಮೊಣಕಾಲು ಒಡ್ಕೊಂಡದ್ದು ಮರ್ತುಹೋಯ್ತಾ? ಪೊರೆ ತುಂಬ ಗಟ್ಟಿಯಾದ್ರೆ ಮತ್ತೆ ತೆಗೀಲಿಕ್ಕೆ ಕಷ್ಟ ಅಂತ ಡಾಕ್ಟ್ರು ಹೇಳಿದ್ದಾರೆ. ನೀನೇ ಹಾಳು ಮಾಡಿದ್ದು, ನೀನೇ ಸರಿ ಮಾಡು.”

ಆದಕಾರಣ ಮುಖೇಶ್ ಮತ್ತು ಯಶ್ಮಿತಾರ ಸಮ್ಮುಖದಲ್ಲಿ ಈ ಕೆಳಗಿನ ಠರಾವನ್ನು ಅಂಗೀಕರಿಸಲಾಯಿತು: ಮಾವ್ಶಿ ಸ್ನಾನಕ್ಕೆ ಹೋದಾಗಲೆಲ್ಲ ಅಕ್ಷರದ ಗಾತ್ರವನ್ನು ಒಂದೊಂದೇ ಮೆಟ್ಟಿಲು ಇಳಿಸತಕ್ಕದ್ದು. ಓದಲಾಗದಾಗ ತಾವೇ ಡಾಕ್ಟರ ಬಳಿ ಓಡುತ್ತಾರೆ.

“ಕ್ರೂರ,” ಎಂದಳು ಯಶ್ಮಿತಾ. ವಿರುದ್ಧ ಮತ ಹಾಕಲಿಲ್ಲ.

ಫೆಬ್ರವರಿ 27, ಶುಕ್ರವಾರ

“ಅನ್ಸನ್, ಇದರ ಅಕ್ಷರ ಬಡವಾಗಿದೆ.”

“ಹೌದಾ?” ನಾನು ಇಸ್ಕೊಂಡು, ಡಾಕ್ಟರು ನಾಲಿಗೆ ಪರೀಕ್ಷಿಸುವ ಗಾಂಭೀರ್ಯದಿಂದ ನೋಡಿದೆ. “ತಪಸ್ಸಿನ ಕಾಲ ಅಲ್ವಾ ಮಾವ್ಶಿ. ಉಪವಾಸ ಹಿಡಿದಿರಬೇಕು.”

ಮಾವ್ಶಿ ಸ್ವಲ್ಪ ಯೋಚಿಸಿದರು. “ಯಂತ್ರಕ್ಕೆ ಇರುವಷ್ಟು ಭಕ್ತಿ ನಿನಗಿಲ್ಲ,” ಎಂದರು. ಆಮೇಲೆ ದೇವರ ಪೀಠದ ಬಳಿಯ ಬಾಟಲಿಯಿಂದ ಪವಿತ್ರ ಜಲದ ಒಂದು ಹನಿ ತೆಗೆದು ಅದರ ಮೇಲೆ ಶಿಲುಬೆಯ ಗುರುತು ಎಳೆದರು. ಪುಟ ಹಾರಿತು. “ನೋಡು, ಎಚ್ಚರ ಆಯ್ತು!”

ಈ ಪ್ರಸಂಗವನ್ನು ಫೋನಿನಲ್ಲಿ ಕೇಳಿ ಮುಖೇಶ್ ನಕ್ಕು ನಕ್ಕು ಅಂಗಡಿಯ ಮೊಳೆಯ ಡಬ್ಬ ಬೀಳಿಸಿದ.

ಮಾವ್ಶಿ ಮಾತ್ರ ಕಾಣುವುದಿಲ್ಲ ಎಂದು ಹೇಳಲಿಲ್ಲ. ಕಿಟಕಿ ಬಳಿ ಹೋದರು, ಟಾರ್ಚ್ ಹಾಕಿದರು, ಮೂಗಿನ ತುದಿಗೆ ಹಿಡಿದರು.

ಮಾರ್ಚ್ 1, ಭಾನುವಾರ

ಘೋರ ಪರಾಭವ.

ಯಂತ್ರವೇ ಹಾಳು ಎಂದು ಮಾವ್ಶಿ ತೀರ್ಮಾನಿಸಿ, ನನ್ನ ಸ್ನೇಹಿತರ ಯಂತ್ರಗಳನ್ನು ತರಿಸಿ ಹೋಲಿಸಿ ನೋಡುವುದಾಗಿ ಹೇಳಿದರು. ಮೊದಲೇ ಇಬ್ಬರಿಗೂ ಕಟ್ಟಪ್ಪಣೆ ಮಾಡಿದ್ದೆ, ಅಕ್ಷರ ಇರುವೆಯಷ್ಟಿರಲಿ ಎಂದು. ಊಟದ ಮೇಜಿನ ಮೇಲೆ ಮೂರೂ ಸಾಲಾಗಿ ಕುಳಿತವು. ಮಾವ್ಶಿ ಯಶ್ಮಿತಾಳದ್ದನ್ನು ಎತ್ತಿ ನೋಡಿ, “ಇದೂ ಉಪವಾಸವಾ? ನೀವು ಹಿಂದೂಗಳಲ್ವಾ?” ಎಂದರು.

“ನಮ್ಮದು ಸಂಕಷ್ಟಿ, ಟೀಚರ್,” ಎಂದಳು ಯಶ್ಮಿತಾ, ತುಟಿ ಅಲುಗದೆ. ಒಳ್ಳೆಯ ವಕೀಲೆ ಆಗುತ್ತಾಳೆ.

ಆಮೇಲೆ ಮಾವ್ಶಿ ಮುಖೇಶನ ಕಡೆ ತಿರುಗಿದರು. ಒಂದು ವಿಷಯ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಖೇಶನಿಗೆ ಎಂಟನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದ್ದು ಇದೇ ಎವ್ಲಿನ್ ಟೀಚರ್.

“ಮುಖೇಶ್, ನಿನ್ನದರಲ್ಲೂ ಅಕ್ಷರ ಹೀಗೇಯಾ?”

ಅವನು ಎದ್ದು ನಿಂತ. ಕೈ ಕಟ್ಟಿದ. “ಇಲ್ಲ ಟೀಚರ್. ದೊಡ್ಡ ಮಾಡ್ಲಿಕ್ಕೆ ಆಗ್ತದೆ ಟೀಚರ್.” ಎರಡು ಬೆರಳುಗಳನ್ನು ಪರದೆಯ ಮೇಲಿಟ್ಟು ಅಗಲಿಸಿದ. ಅಕ್ಷರಗಳು ಬ್ಯಾನರಿನಷ್ಟು ದೊಡ್ಡದಾದವು.

“ಒಳ್ಳೇ ಹುಡುಗ. ಕೂತ್ಕೋ. ಇದು ಒಂದು ವಾರ ಇಲ್ಲಿರ್ಲಿ.”

ಈಗ ನನ್ನದು, ಅವನದು ಎರಡೂ ಸಾಧನಗಳು ಮಾವ್ಶಿಯ ವಶದಲ್ಲಿವೆ. “ನಾನೆಂತ ಮಾಡುದು ಮಾರಾಯ, ಅವರ ಸ್ವರ ಕೇಳಿದ್ರೆ ಕಾಲು ತನ್ನಿಂದ ತಾನೇ ಎದ್ದು ನಿಲ್ತದೆ,” ಎಂದು ದ್ರೋಹಿಯ ಹೇಳಿಕೆ.

ಮಾರ್ಚ್ 4, ಬುಧವಾರ

ಟ್ಯಾಬ್ಲೆಟ್ ಸೋತಿತು. ಮಲಗಿ ಓದುವಾಗ ಮಾವ್ಶಿಯ ಮೂಗಿನ ಮೇಲೆ ಬಿತ್ತು. ಅದರ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತದಂತೆ. “ಎದುರಿಂದ ಲಾರಿ ಬಂದ ಹಾಗೆ,” ಎಂದರು. ಮುಖೇಶನಿಗೆ ವಾಪಸ್. ಕ್ರಿಕೆಟ್ ಪ್ರಪಂಚ ನಿಟ್ಟುಸಿರು ಬಿಟ್ಟಿತು.

ಮತ್ತೆ ನನ್ನದೇ. ಇಂದು ಅತಿ ಸಣ್ಣ ಗಾತ್ರ.

ಮಾರ್ಚ್ 8, ಭಾನುವಾರ

ನಾಲ್ಕು ದಿನಗಳಿಂದ ಮಾವ್ಶಿ ಯಾವ ದೂರೂ ಇಲ್ಲದೆ ಓದುತ್ತಿದ್ದಾರೆ. ಹಾಯಾಗಿ ಒರಗಿ ಕುಳಿತು, ನಗುತ್ತಾರೆ, ಪುಟ ತಿರುಗಿಸುತ್ತಾರೆ. ನನಗೇ ಅನುಮಾನ ಬಂತು: ಪವಿತ್ರ ಜಲ ಕೆಲಸ ಮಾಡಿತೇ?

ಪರೀಕ್ಷಿಸಲು ಇಂದು ಕಾದಂಬರಿಯನ್ನು ಮುಚ್ಚಿ ಕಾಸ್ಟಿಂಗ್ ಪುಸ್ತಕದ ನಾಲ್ಕನೆಯ ಅಧ್ಯಾಯ ತೆರೆದಿಟ್ಟೆ. ಮಾವ್ಶಿ ಕೈಗೆತ್ತಿಕೊಂಡರು. ಓದಿದರು. ಪುಟ ತಿರುಗಿಸಿದರು. ಮೂರನೆಯ ಪುಟದಲ್ಲಿ “ಅಯ್ಯೋ ಪಾಪಿ!” ಎಂದರು. ಆ ಅಧ್ಯಾಯವೆಂದರೆ ಮೇಲ್ವೆಚ್ಚದ ಹಂಚಿಕೆ, ಅಂಥ ಪಾಪಿ ಅಲ್ಲಿ ಯಾರೂ ಇಲ್ಲ. ನಾನು ಹುಡುಕಿದ್ದೇನೆ.

“ಎಂತ ಆಯ್ತು ಮಾವ್ಶಿ ಕಥೆಯಲ್ಲಿ?”

“ಬಂದರಿನಲ್ಲಿ ಐಸಿನ ಪೆಟ್ಟಿಗೆ ತೆಗ್ದು ನೋಡಿದ್ರೆ, ಬೊಂಡಾಸ್ ಮೀನಿನ ರಾಶಿಯ ಅಡಿಯಲ್ಲಿ ಮೀನು ಸಾಹುಕಾರನ ಹೆಣ. ಬಾಯಲ್ಲಿ ಅವನದ್ದೇ ಕೀಗೊಂಚಲು. ಪತ್ತೆ ಮಾಡುದು ಒಬ್ಳು ರಿಟೈರ್ಡ್ ಟೀಚರ್.”

ಅಂಥ ಕಾದಂಬರಿ ನನ್ನ ಸಾಧನದಲ್ಲಿ ಇಲ್ಲ. ಬಹುಶಃ ಎಲ್ಲೂ ಇಲ್ಲ. ಈಗಲೇ ಬಯಲು ಮಾಡಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ ಮಾತು: “ಕೀಗೊಂಚಲು ಯಾಕೆ ಬಾಯಲ್ಲಿ?”

“ತಾಳು. ಓದುವ.”

ಮಾರ್ಚ್ 9, ಸೋಮವಾರ

ಬಂದರಿನ ಐಸ್ ಗೋದಾಮಿನ ಕಾವಲುಗಾರ ಸುಳ್ಳು ಹೇಳುತ್ತಿದ್ದಾನೆ. ನನಗೆ ಖಚಿತ.

ಮಾರ್ಚ್ 10, ಮಂಗಳವಾರ

ಕಾವಲುಗಾರ ಸತ್ತ. ನನಗೆ ಏನೂ ಖಚಿತವಿಲ್ಲ. ಯಶ್ಮಿತಾ ಪಾರ್ಕಿಗೆ ಕರೆದಳು, ಹೋಗಲಿಲ್ಲ. ಸಂಜೆ ಮನೆಯಲ್ಲಿ ಕೆಲಸ ಉಂಟೆಂದೆ.

ಮಾರ್ಚ್ 12, ಗುರುವಾರ

ಇಂದಿನ ಅಧ್ಯಾಯದಲ್ಲಿ ಪತ್ತೇದಾರಿ ಟೀಚರಿನ ತಾಯಿ ಬಂದಳು. ಒಂದು ಕಣ್ಣು ಇಲ್ಲ.

“ಯಾಕೆ ಇಲ್ಲ?”

“ಆಪರೇಷನ್ ಕ್ಯಾಂಪಿನಲ್ಲಿ ಹೋದದ್ದು. ತಾಯಿ ಬೇಡ ಬೇಡ ಹೇಳಿದ್ದಾಳೆ. ಮಗಳು ಕೇಳ್ಬೇಕಲ್ಲ. ಕಲಿತವಳು. ಕೈಹಿಡಿದು ಎಳ್ಕೊಂಡು ಹೋದದ್ದು...” ಮಾವ್ಶಿ ನಿಲ್ಲಿಸಿದರು. ಪುಟ ತಿರುಗಿಸಿದರು. ಮತ್ತೊಂದು ತಿರುಗಿಸಿದರು. “ಇಲ್ಲಿ ಸ್ವಲ್ಪ ಬೋರ್ ಉಂಟು. ನಾಳೆ ಓದುವ.”

ಟೆರೇಸಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಆ ಒಂದು ಕಣ್ಣಿನ ತಾಯಿಯ ಕಥೆ ಹೇಳಿದೆ.

“ಅದು ನಮ್ಮ ಅಮ್ಮಂದು. ನಿನ್ನ ರೊಸಾಲಿನ್ ಅಜ್ಜಿಯದ್ದು. ನೀನು ಹುಟ್ಟಿರ್ಲಿಲ್ಲ. ಎವ್ಲಿನ್ ಹಟ ಹಿಡಿದು ಕರ್ಕೊಂಡು ಹೋದ್ಲು. ಆ ಕಾಲದ ಆಪರೇಷನ್. ಕಣ್ಣು ಕೆಂಪಾಯ್ತು, ಕೀವಾಯ್ತು, ಹೋಯ್ತು. ಅಮ್ಮ ಸಾಯುವ ತನಕ ಅವಳಿಗೆ ಒಂದು ಮಾತು ಹೇಳ್ಲಿಲ್ಲ. ಎರಡು ಬೈದಿದ್ರೆ ಒಳ್ಳೆದಿತ್ತು.”

ಕೆಳಗೆ ಬಂದಾಗ ಮಾವ್ಶಿ ಸಾಧನವನ್ನು ಸೆರಗಿನಿಂದ ಒರೆಸುತ್ತಿದ್ದರು.

ಮಾರ್ಚ್ 13, ಶುಕ್ರವಾರ

ಅಕ್ಷರವನ್ನು ಮತ್ತೆ ದೊಡ್ಡದು ಮಾಡಿದೆ. ಅತಿ ದೊಡ್ಡದು.

ಮಾರ್ಚ್ 15, ಭಾನುವಾರ

“ಉಪವಾಸ ಮುಗೀತಾ? ಈಸ್ಟರಿಗೆ ಇನ್ನೂ ಎಷ್ಟು ದಿನ ಉಂಟು,” ಎಂದರು ಮಾವ್ಶಿ, ಪರದೆಯಿಂದ ಮುಖ ಎತ್ತದೆ.

ನಾನು ನೀರು ಕುಡಿಯುವುದರಲ್ಲಿ ಮಗ್ನನಾದೆ.

“ಇಷ್ಟು ವರ್ಷ ಹೈಸ್ಕೂಲ್ ಗಂಡುಮಕ್ಕಳಿಗೆ ಪಾಠ ಮಾಡಿದವಳು ನಾನು. ಅಕ್ಷರ ಉಪವಾಸ ಹಿಡೀತದೆ ಅಂತ ನಾನು ನಂಬಿದೆ ಅಂತ ನೀನು ನಂಬಿದಿಯಲ್ಲ, ಪುತಾ!”

“ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕಾಣುದಿಲ್ಲ ಅಂತ ಒಪ್ಪಿದ ಹಾಗೆ ಆಗ್ತದಲ್ಲ.”

“ಕಾಸ್ಟಿಂಗ್ ಪುಸ್ತಕ ಹಾಕಿದ್ದೂ ಗೊತ್ತಿತ್ತಾ?”

“ಎಂತ ಕಾಸ್ಟಿಂಗ್?”

ಇಬ್ಬರೂ ನಕ್ಕೆವು. ಮಾವ್ಶಿ ಕೆಮ್ಮುವಷ್ಟು ನಕ್ಕರು. ಸಮಯ ಒಳ್ಳೆಯದಿದೆ ಎಂದು ನಾನು, “ನಾನೇ ಕರ್ಕೊಂಡು ಹೋಗ್ತೇನೆ ಮಾವ್ಶಿ. ಈಗ ಅಜ್ಜಿಯ ಕಾಲ ಅಲ್ಲ. ನನ್ನ ಕೈ ಹಿಡ್ಕೊಳ್ಳಿ,” ಎಂದೆ.

ನಗು ನಿಂತಿತು.

“ಜಾನೆಟ್ ಹೇಳಿದ್ಲಾ, ನಿನ್ನ ಅಮ್ಮ?” ಎಂದರು. ಆಮೇಲೆ, “ಯಾರ ಕೈ ಬೇಕಾದ್ರೂ ಹಿಡಿದೇನು. ನಿಂದು ಬೇಡ. ಎಂತಾದ್ರೂ ಆದ್ರೆ ಕಣ್ಣು ನಂದು ಹೋಗ್ತದೆ, ನಿದ್ದೆ ನಿಂದು ಹೋಗ್ತದೆ. ನನಗೆ ಗೊತ್ತುಂಟು ಅದು.”

ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ 18, ಬುಧವಾರ

ಬೆಳಿಗ್ಗೆ ಪೇಪರ್ ಓದಿ ಹೇಳಿದೆ. ಮುಗಿಸಿದ ಮೇಲೆ ಮಾವ್ಶಿ, “ಇಷ್ಟೇಯಾ? ಇವತ್ತು ತಿಮಿಂಗಿಲ ಎಂತ ಇಲ್ವಾ?” ಎಂದು ಕೇಳಿದರು. ಸೇರಿಸಲು ಮರೆತಿದ್ದೆ.

ಆಪರೇಷನ್ನಿನ ಮಾತು ಎತ್ತಲಿಲ್ಲ. ಅಮ್ಮ ಫೋನಿನಲ್ಲಿ ಒತ್ತಾಯಿಸಿದರು. ಮಾವ್ಶಿಯನ್ನು ಬಿಟ್ಟುಬಿಡಿ ಎಂದೆ. ನನ್ನ ಸ್ವರ ಸ್ವಲ್ಪ ಏರಿತು. ನಾಳೆ ಅಮ್ಮನಿಗೆ ಕ್ಷಮೆ ಕೇಳಬೇಕು.

ಮಾರ್ಚ್ 24, ಮಂಗಳವಾರ

ಬೆಳಿಗ್ಗೆ ಎದ್ದಾಗ ಮಾವ್ಶಿ ಇರಲಿಲ್ಲ. ಇಗರ್ಜಿಯ ಪೂಜೆಗೆ ಹೋಗಿರಬೇಕೆಂದುಕೊಂಡೆ. ಕಾಫಿ ಮಾಡಿ ಮುಚ್ಚಿಟ್ಟೆ. ಅಷ್ಟರಲ್ಲಿ ನಮ್ಮ ಮೂಲೆಯ ಸ್ಟ್ಯಾಂಡಿನ ರಿಕ್ಷಾದ ನೋಣಯ್ಯಣ್ಣನ ಫೋನ್.

“ಟೀಚರ್ ನಿನಗೆ ಹೇಳ್ಬಾರ್ದು ಅಂತ ಹೇಳಿದ್ದಾರೆ. ಅದಕ್ಕೇ ಫೋನ್ ಮಾಡಿದ್ದು. ನಾವು ಕಣ್ಣಿನ ಆಸ್ಪತ್ರೆಯಲ್ಲಿ ಇದ್ದೇವೆ.”

ಚಪ್ಪಲಿ ಒಂದು ನನ್ನದು, ಒಂದು ಮಾವ್ಶಿಯದ್ದು ಹಾಕಿಕೊಂಡು ಹೋದದ್ದು ಅಲ್ಲಿ ತಲುಪಿದ ಮೇಲೆ ಗೊತ್ತಾಯಿತು. ಕಾರಿಡಾರಿನ ಬೆಂಚಿನಲ್ಲಿ ಮಾವ್ಶಿ ಆಸ್ಪತ್ರೆಯ ಹಸಿರು ಗೌನು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು, ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಖಾಕಿ ಅಂಗಿಯ ನೋಣಯ್ಯಣ್ಣ, ಅವರ ವ್ಯಾನಿಟಿ ಬ್ಯಾಗನ್ನು ಎದೆಗವಚಿಕೊಂಡು.

ನರ್ಸ್ ಬಂದಳು. “ಪೇಷಂಟಿನ ಕಡೆಯವರು ಯಾರು?”

“ನಾನು,” ಎಂದ ನೋಣಯ್ಯಣ್ಣ.

“ಸಂಬಂಧ?”

“ಅಣ್ಣ.”

ನರ್ಸ್ ಅವನ ಹಣೆಯ ಗಂಧವನ್ನು ನೋಡಿದಳು, ಮಾವ್ಶಿಯ ಕೊರಳಿನ ಶಿಲುಬೆಯನ್ನು ನೋಡಿದಳು, ಬರೆದುಕೊಂಡು ಹೋದಳು. ಕಳೆದ ವಾರ ಗೆಳತಿ ಒಲಿಂಡಾ ಬಾಯಿಯ ಮನೆಗೆಂದು ಹೇಳಿ ಮಾವ್ಶಿ ಹೋದದ್ದು ಕೂಡ ಇಲ್ಲಿಗೇ, ರಕ್ತಪರೀಕ್ಷೆಗೆ, ಈ ಅಣ್ಣನ ರಿಕ್ಷಾದಲ್ಲಿ ಎಂದು ಈಗ ತಿಳಿಯಿತು.

ನನ್ನ ಹೆಜ್ಜೆಯ ಸದ್ದಿಗೇ ಮಾವ್ಶಿಗೆ ಗೊತ್ತಾಯಿತು. “ನಿನಗೆ ಯಾರು ಬರ್ಲಿಕ್ಕೆ ಹೇಳಿದ್ದು? ಹೋಗು ಮನೆಗೆ!” ಕೊಂಕಣಿಯಲ್ಲಿ ಇನ್ನೂ ಕೆಲವು.

“ನಾನು ನಿಮ್ಮನ್ನು ಕರ್ಕೊಂಡು ಬಂದದ್ದಲ್ಲ ಮಾವ್ಶಿ. ನಾನು ಬರುವಾಗ ನೀವು ಇಲ್ಲೇ ಇದ್ದಿರಿ. ಸಾಕ್ಷಿ ನೋಣಯ್ಯಣ್ಣ.”

“ಹೌದು,” ಎಂದ ಸಾಕ್ಷಿ.

ಮಾವ್ಶಿ ಏನೋ ಲೆಕ್ಕ ಹಾಕಿದ ಹಾಗೆ ಕುಳಿತರು. “ಹಾಗಾದ್ರೆ ನಾನು ನನ್ನಷ್ಟಕ್ಕೆ ಬಂದದ್ದು.”

“ನಿಮ್ಮಷ್ಟಕ್ಕೆ.”

“ನೀನು ಎಂತ ಮಾಡಿದ್ದಲ್ಲ.”

“ನಾನು ಜೀವಮಾನದಲ್ಲಿ ಎಂತ ಮಾಡಿದ್ದೇನೆ, ಹೇಳಿ.”

ಅವರ ಬೆರಳುಗಳು ಬೆಂಚಿನ ಮೇಲೆ ತಡವರಿಸಿ ನನ್ನ ಅಂಗಿಯ ತುದಿ ಹಿಡಿದವು. ಕೈ ಹಿಡಿಯಲಿಲ್ಲ, ತುದಿಯನ್ನು ಮಾತ್ರ. ಒಳಗೆ ಕರೆಯುವ ತನಕ ಬಿಡಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ನೋಣಯ್ಯಣ್ಣ ಬ್ಯಾಗನ್ನು ನನಗೆ ಕೊಡಲಿಲ್ಲ. “ಅಣ್ಣ ನಾನು,” ಎಂದ.

ಮಾರ್ಚ್ 25, ಬುಧವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಬಲಗಣ್ಣು. ನಾನು ಗೋಡೆಗೆ ಒರಗಿ ನಿಂತಿದ್ದೆ. ರಾತ್ರಿಯಿಂದ ನನ್ನ ಬಾಯಲ್ಲಿ ಒಂದೂ ಜೋಕು ಬಂದಿರಲಿಲ್ಲ. ಇದು ಅಂಟುರೋಗವಾಗದಿದ್ದರೆ ಸಾಕು.

ಡಾಕ್ಟರು ಬೆರಳು ತೋರಿಸಿದರು. ಮಾವ್ಶಿ ಸರಿಯಾಗಿ ಎಣಿಸಿದರು. ಗೋಡೆಯ ಅಕ್ಷರಗಳನ್ನು ಮೇಲಿನಿಂದ ಕೆಳಗೆ, ಕಡೆಯ ಸಾಲಿನ ತನಕ ಓದಿದರು. ಆಮೇಲೆ ತಲೆ ತಿರುಗಿಸಿ ನನ್ನನ್ನು ನೋಡಿದರು. ನೋಡಿಯೇ ನೋಡಿದರು.

“ನಿನಗೆ ಗಡ್ಡ ಯಾವಾಗ ಬಂತು?”

“ಎರಡು ವರ್ಷ ಆಯ್ತು ಮಾವ್ಶಿ.”

ಅವರು ಎದ್ದು ಬಂದು ನನ್ನ ಗಲ್ಲ ಮುಟ್ಟಿದರು. ಅಂಗೈಯಿಂದ ಬಲಗಣ್ಣನ್ನು, ತಾಗದ ಹಾಗೆ ಮರೆ ಮಾಡಿ, ಪೊರೆಯ ಎಡಗಣ್ಣಿನಿಂದ ನೋಡಿದರು. ಅಂಗೈ ತೆಗೆದು ನೋಡಿದರು. ಮತ್ತೆ ಮರೆ ಮಾಡಿದರು.

“ಈ ಕಣ್ಣಿಗೆ ನೀನಿನ್ನೂ ಹತ್ತನೇ ಕ್ಲಾಸಿನವ.”

ಎಡಗಣ್ಣಿಗೆ ಬರುವ ವಾರವೇ ದಿನ ಕೊಡಬಹುದು ಎಂದರು ಡಾಕ್ಟರು, ಕ್ಯಾಲೆಂಡರ್ ಎಳೆದುಕೊಳ್ಳುತ್ತಾ.

“ಮಾಡುವ ಡಾಕ್ಟ್ರೇ, ಖಂಡಿತ ಮಾಡುವ,” ಎಂದರು ಮಾವ್ಶಿ. “ಆದ್ರೆ ಬರುವ ತಿಂಗಳು ಕೊಡಿ. ಅಷ್ಟರ ತನಕ ಇವನು ನನಗೆ ಎರಡೂ ಆಗಿ ಇರ್ಲಿ, ಗಡ್ಡದವನೂ ಹತ್ತನೇ ಕ್ಲಾಸಿನವನೂ.”